ಒಂಟಿ ಹಳಿಯೋ, ಜೋಡಿ ಹಳಿಯೋ? ಗಣಕಜಾಲದ ಕಾರ್ಡಿಗೆ ಡ್ಯೂಪ್ಲೆಕ್ಸ್ ಆಯ್ಕೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚಕ್ರವರ್ತಿಯು ತನ್ನ ಪ್ರಜೆಗಳಿಗೆ ಹೇಳಬೇಕೆಂದಿದ್ದ ಮಾತನ್ನು ಬಂಡೆಯ ಮೇಲೆ ಕೊರೆಯಿಸಿದನು. ಅದನ್ನು ಓದಿದ ಪ್ರಜೆಯು ಅದೇ ಬಂಡೆಯ ಮೂಲಕ ಚಕ್ರವರ್ತಿಗೆ ಉತ್ತರ ಕೊಡುವಂತಿರಲಿಲ್ಲ. ಮಾತು ಹರಿದುದು ಒಂದೇ ದಿಕ್ಕಿನಲ್ಲಿ. ಇಂತಹ ಸಂಪರ್ಕವನ್ನು ಏಕಮುಖ ಸಂಪರ್ಕವೆನ್ನಬಹುದು. ಇಂಜಿನಿಯರುಗಳು ಇದನ್ನು ಸಿಂಪ್ಲೆಕ್ಸ್ ಎನ್ನುತ್ತಾರೆ. ಆಕಾಶವಾಣಿಯ ಪ್ರಸಾರವೂ ಈ ವರ್ಗಕ್ಕೇ ಸೇರಿದುದು.

ಜಾತ್ರೆಯ ಜನಸಂದಣಿಯಲ್ಲಿ ಪೊಲೀಸರು ಬಳಸುವ ವಾಕಿ-ಟಾಕಿಯ ರೀತಿಯೇ ಬೇರೆ. ಅಲ್ಲಿ ಇಬ್ಬರೂ ಮಾತನಾಡಬಲ್ಲರು. ಆದರೆ ಏಕಕಾಲದಲ್ಲಿ ಅಲ್ಲ. ಗುಂಡಿಯನ್ನು ಒತ್ತಿ ಮಾತನಾಡಿದವನು "ಓವರ್" ಎಂದು ಹೇಳಿ ಗುಂಡಿಯನ್ನು ಬಿಟ್ಟ ಮೇಲೆಯೇ ಎದುರಿನವನ ಸರದಿ. ಇದು ಅರ್ಧ ದ್ವಿಮುಖ ಸಂಪರ್ಕ, ಅಂದರೆ ಹಾಫ್ ಡ್ಯೂಪ್ಲೆಕ್ಸ್. ಟೆಲಿಫೋನಿನಲ್ಲಾದರೋ ಇಬ್ಬರೂ ಒಟ್ಟಿಗೆ ಮಾತನಾಡಬಹುದು, ಒಟ್ಟಿಗೆ ಕೇಳಲೂಬಹುದು. ಇದು ಪೂರ್ಣ ದ್ವಿಮುಖ ಸಂಪರ್ಕ, ಫುಲ್ ಡ್ಯೂಪ್ಲೆಕ್ಸ್.

ಗಣಕಯಂತ್ರಕ್ಕೆ ಹೊಸದೊಂದು ಜಾಲದ ಕಾರ್ಡನ್ನು ಜೋಡಿಸಿದಾಗ ಈ ಭೇದವು ನಮ್ಮ ಮುಂದೆ ಪ್ರಶ್ನೆಯಾಗಿ ನಿಲ್ಲುತ್ತದೆ. ಕಾರ್ಡಿನ ಗುಣಗಳನ್ನು ತೋರಿಸುವ ಪುಟದಲ್ಲಿ "ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್" ಎಂಬ ಸಾಲಿದೆ. ಅದರ ಕೆಳಗೆ 10 ಹಾಫ್, 10 ಫುಲ್, 100 ಹಾಫ್, 100 ಫುಲ್, ಕೊನೆಗೆ ಆಟೋ ಎಂಬ ಆಯ್ಕೆಗಳು. "ಫುಲ್ ಎಂದರೆ ಪೂರ್ಣ, ಪೂರ್ಣವಾದುದು ಅರ್ಧಕ್ಕಿಂತ ಮೇಲಲ್ಲವೆ?" ಎಂದು ಯೋಚಿಸಿ 100 ಫುಲ್ ಎಂಬುದನ್ನು ಆರಿಸುವುದು ಸಹಜವಾದ ಪ್ರವೃತ್ತಿ. ಅಷ್ಟರಿಂದಲೇ ಒಂದು ಶಾಲೆಯ ಗಣಕ ಕೊಠಡಿಯ ಕೆಲಸವೆಲ್ಲ ಬಸವನ ಹುಳುವಿನ ನಡಿಗೆಗೆ ಇಳಿಯಬಹುದು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಿರುತ್ತದೆ. ತುಂಬಿದ ಪುಟ ಮೇಲೇರುವುದಿಲ್ಲ. ದೂಷಣೆಯು ಹೊರಗಿನ ತಂತಿಯ ಮೇಲೆ ಬೀಳುತ್ತದೆ. ಹೆಚ್ಚು ಹಣ ತೆತ್ತು ಹೆಚ್ಚು ವೇಗದ ಸಂಪರ್ಕವನ್ನು ಕೊಂಡರೂ ರೋಗವು ವಾಸಿಯಾಗುವುದಿಲ್ಲ. ಏಕೆಂದರೆ ರೋಗವಿರುವುದು ಕೊಠಡಿಯ ಒಳಗೇ, ಎರಡು ಮಾರು ಉದ್ದದ ತಂತಿಯ ಎರಡು ತುದಿಗಳ ನಡುವೆ. ಇದು ಹೇಗೆಂಬುದನ್ನು ಈಗ ವಿಚಾರಿಸೋಣ.

ನಾಲ್ಕು ಊರುಗಳು, ಎರಡು ಬಗೆಯ ಹಳಿಗಳು

ವಿಷಯವನ್ನು ಮನಗಾಣಲು ಕೊಪ್ಪಳ ಜಿಲ್ಲೆಯ ರೈಲುಮಾರ್ಗಗಳೇ ಒಳ್ಳೆಯ ಉದಾಹರಣೆ. ಹೊಸಪೇಟೆಯಿಂದ ಮುನಿರಾಬಾದು, ಗಿಣಿಗೇರಿ, ಕೊಪ್ಪಳಗಳ ಮೂಲಕ ಗದಗಿಗೆ ಹೋಗುವ ಹಳೆಯ ಮಾರ್ಗವು ಬಹುಕಾಲ ಒಂಟಿ ಹಳಿಯದಾಗಿತ್ತು. ಈಚಿನ ವರ್ಷಗಳಲ್ಲಿ ಅದನ್ನು ಜೋಡಿ ಹಳಿಯ ಮಾರ್ಗವನ್ನಾಗಿ ಮಾಡಿದರು. ಗಿಣಿಗೇರಿಯಲ್ಲಿ ಕವಲೊಡೆದು 2019ರಲ್ಲಿ ಗಂಗಾವತಿಯನ್ನು ತಲುಪಿದ ಮಾರ್ಗವೂ, ತಳಕಲ್ಲಿನಲ್ಲಿ ಕವಲೊಡೆದು ಕುಕನೂರು, ಯಲಬುರ್ಗಾಗಳನ್ನು ದಾಟಿ 2025ರಲ್ಲಿ ಕುಷ್ಟಗಿಗೆ ರೈಲನ್ನು ತಂದ ಮಾರ್ಗವೂ ಒಂಟಿ ಹಳಿಯವಾಗಿ ನಿರ್ಮಿತವಾದವು.

ಒಂಟಿ ಹಳಿಯ ಮೇಲೆ ಎರಡು ದಿಕ್ಕಿನ ಗಾಡಿಗಳೂ ಓಡಬಲ್ಲವು, ಆದರೆ ಸರದಿಯ ಮೇಲೆ ಮಾತ್ರ. ಎದುರಿನಿಂದ ಗಾಡಿ ಹೊರಟಿದ್ದರೆ ಈ ಕಡೆಯದು ನಿಲ್ದಾಣದಲ್ಲಿ ಕಾಯಬೇಕು. ಈ ಶಿಸ್ತಿಗಾಗಿ ನಮ್ಮ ದೇಶದ ಒಂಟಿ ಹಳಿಯ ಮಾರ್ಗಗಳಲ್ಲಿ ಟೋಕನ್ ಪದ್ಧತಿಯು ಬಹಳ ವರ್ಷ ನಡೆದಿತ್ತು. ಒಂದು ಲೋಹದ ಗುಂಡನ್ನು ಚೀಲದಲ್ಲಿಟ್ಟು, ಆ ಚೀಲವನ್ನು ದೊಡ್ಡ ಬಳೆಗೆ ಕಟ್ಟಿ ಚಾಲಕನ ಕೈಗೆ ಕೊಡುತ್ತಿದ್ದರು. ಆ ಗುಂಡು ಕೈಯಲ್ಲಿಲ್ಲದೆ ಯಾವ ಚಾಲಕನೂ ಮುಂದಿನ ನಿಲ್ದಾಣದ ಕಡೆಗೆ ಗಾಡಿ ಬಿಡುವಂತಿರಲಿಲ್ಲ. ಒಂಟಿ ಹಳಿಯೆಂದರೆ ಹಾಫ್ ಡ್ಯೂಪ್ಲೆಕ್ಸ್. ಜೋಡಿ ಹಳಿಯೆಂದರೆ ಫುಲ್ ಡ್ಯೂಪ್ಲೆಕ್ಸ್. ಜೋಡಿ ಹಳಿ ಬಂದ ಮಾತ್ರಕ್ಕೆ ಒಂದೊಂದು ಗಾಡಿಯ ವೇಗವು ಇಮ್ಮಡಿಯಾಗುವುದಿಲ್ಲ. ಕಾಯುವುದು ತಪ್ಪುತ್ತದೆ, ಅಷ್ಟೆ. 100 ಫುಲ್ ಎಂಬ ಕಾರ್ಡೂ ಹೀಗೆಯೇ. ಅದು ಸೆಕೆಂಡಿಗೆ 100 ದಶಲಕ್ಷ ಬಿಟ್‌ಗಳನ್ನು ಕಳುಹಿಸುತ್ತಿರುವಾಗಲೇ ಅಷ್ಟೇ ಬಿಟ್‌ಗಳನ್ನು ಸ್ವೀಕರಿಸಲೂ ಬಲ್ಲದು.

ಒಂದೇ ತಂತಿಯ ಕಾಲ

ಈಗ ಎಲ್ಲೆಡೆಯೂ ಬಳಕೆಯಲ್ಲಿರುವ ಈಥರ್‌ನೆಟ್ ಎಂಬ ಜಾಲಪದ್ಧತಿಯು 1973ರಲ್ಲಿ ಅಮೆರಿಕೆಯ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಹುಟ್ಟಿತು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದರ ನಿರ್ಮಾತೃಗಳು. ಆಗ ಒಂದೇ ದಪ್ಪ ತಂತಿಯು ಕಟ್ಟಡದ ಉದ್ದಕ್ಕೂ ಹಾಯ್ದಿರುತ್ತಿತ್ತು. ಎಲ್ಲ ಗಣಕಗಳೂ ಅದಕ್ಕೇ ಜೋಡಿಕೊಂಡಿರುತ್ತಿದ್ದವು. ಅದರ ವೇಗ ಸೆಕೆಂಡಿಗೆ 2.94 ದಶಲಕ್ಷ ಬಿಟ್.

ಇದು ನಿಜವಾಗಿಯೂ ಒಂಟಿ ಹಳಿ. ಆದರೆ ಇಲ್ಲಿ ಸ್ಟೇಷನ್ ಮಾಸ್ತರನೂ ಇಲ್ಲ, ಟೋಕನ್ ಗುಂಡೂ ಇಲ್ಲ. ಅದರ ಬದಲಿಗೆ ಸಭ್ಯರ ಸಭೆಯಲ್ಲಿ ಕಾಣುವಂತಹ ಒಂದು ನಿಯಮವಿತ್ತು. ಮಾತನಾಡಬೇಕೆನ್ನುವವನು ಮೊದಲು ಕಿವಿಗೊಟ್ಟು ಕೇಳಬೇಕು. ತಂತಿಯು ಮೌನವಾಗಿದ್ದರೆ ಮಾತ್ರ ಆರಂಭಿಸಬೇಕು. ಇಬ್ಬರು ಒಂದೇ ಕ್ಷಣದಲ್ಲಿ ಆರಂಭಿಸಿಬಿಟ್ಟರೆ ಸಂಕೇತಗಳು ಒಂದರೊಡನೊಂದು ಬೆರೆತು ಕೆಡುತ್ತವೆ. ಇದಕ್ಕೆ ಡಿಕ್ಕಿ ಎಂದು ಹೆಸರು. ಡಿಕ್ಕಿಯಾದುದು ತಿಳಿದೊಡನೆ ಇಬ್ಬರೂ ಮಾತು ನಿಲ್ಲಿಸಿ, ಮನಬಂದಷ್ಟು ಹೊತ್ತು ಕಾಯ್ದು, ಪುನಃ ಯತ್ನಿಸಬೇಕು. ಮೊದಲ ಡಿಕ್ಕಿಯ ಬಳಿಕ ಸೊನ್ನೆ ಅಥವಾ ಒಂದು ಅವಧಿ ಕಾಯುವುದು. ಎರಡನೆಯದರ ಬಳಿಕ ಸೊನ್ನೆಯಿಂದ ಮೂರರವರೆಗೆ. ಮೂರನೆಯದರ ಬಳಿಕ ಸೊನ್ನೆಯಿಂದ ಏಳರವರೆಗೆ. ಹೀಗೆ ಕಾಯುವ ಮೇರೆಯು ಇಮ್ಮಡಿಸುತ್ತ ಹೋಗುತ್ತದೆ. ಹದಿನಾರು ಸಲ ಯತ್ನಿಸಿಯೂ ಸಾಗದಿದ್ದರೆ ಕಾರ್ಡು ಆ ಕಂತನ್ನು ಕೈಬಿಡುತ್ತದೆ.

ಇಲ್ಲಿ ಕಂತು ಎಂದೆವು. ಗಣಕಗಳು ಉದ್ದವಾದ ಸಂದೇಶವನ್ನು ಇಡಿಯಾಗಿ ಕಳುಹಿಸದೆ ಕನಿಷ್ಠ 64 ಬೈಟ್, ಗರಿಷ್ಠ 1518 ಬೈಟ್ ಉದ್ದದ ಕಂತುಗಳಾಗಿ ಒಡೆದು ಕಳುಹಿಸುತ್ತವೆ. ಈ 64 ಎಂಬ ಕನಿಷ್ಠ ಮಿತಿಗೂ ಡಿಕ್ಕಿಗೂ ಸಂಬಂಧವಿದೆ. ಅಳತೆಗೆ ಮೀರದ ಜಾಲದಲ್ಲಿ ಡಿಕ್ಕಿಯೇನಾದರೂ ಆಗುವುದಿದ್ದರೆ ಮೊದಲ 64 ಬೈಟ್‌ಗಳನ್ನು ಕಳುಹಿಸಿ ಮುಗಿಸುವುದರೊಳಗೆ ಆ ಸುದ್ದಿಯು ಕಳುಹಿಸಿದವನಿಗೆ ಮುಟ್ಟಲೇಬೇಕು. ಅದಕ್ಕಿಂತ ತಡವಾಗಿ ಡಿಕ್ಕಿ ಕಾಣಿಸಿಕೊಂಡರೆ ಜಾಲದಲ್ಲಿ ಏನೋ ದೋಷವಿದೆಯೆಂದೇ ಅರ್ಥ. ಇದನ್ನು ಲೇಟ್ ಕೊಲಿಶನ್, ಅಂದರೆ ತಡವಾದ ಡಿಕ್ಕಿ ಎನ್ನುತ್ತಾರೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ದಾರಿ ಜೋಡಿಯಾಯಿತು, ನಿಯಮ ಬದಲಾಗಲಿಲ್ಲ

ದಪ್ಪ ತಂತಿಯ ಕಾಲ ಮುಗಿದು 1990ರಲ್ಲಿ ಹೆಣೆದ ಜೋಡಿ ತಂತಿಗಳ ಪದ್ಧತಿಯು ಪ್ರಮಾಣಿತವಾಯಿತು. ಇಂದು ಶಾಲೆಯ ಗಣಕ ಕೊಠಡಿಯಲ್ಲಿ ಕಾಣುವ ಕೇಬಲನ್ನು ಬಿಚ್ಚಿ ನೋಡಿದರೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. 10 ಮತ್ತು 100ರ ವೇಗಗಳಲ್ಲಿ ಕಳುಹಿಸಲು ಒಂದು ಜೋಡಿ, ಸ್ವೀಕರಿಸಲು ಇನ್ನೊಂದು ಜೋಡಿ ಕೆಲಸ ಮಾಡುತ್ತದೆ. ಹಳಿಯೇನೋ ಜೋಡಿಯಾಯಿತು. ಆದರೆ ನಡುವೆ ಇರುತ್ತಿದ್ದ ಹಬ್ ಎಂಬ ಪೆಟ್ಟಿಗೆಯು ಒಬ್ಬನು ಆಡಿದ ಮಾತನ್ನು ಉಳಿದವರೆಲ್ಲರಿಗೂ ಏಕಕಾಲದಲ್ಲಿ ಸಾರುತ್ತಿತ್ತು. ಆದುದರಿಂದ ಒಮ್ಮೆಗೆ ಒಬ್ಬನೇ ಮಾತನಾಡಬೇಕೆಂಬ ಹಳೆಯ ಒಂಟಿ ಹಳಿಯ ನಿಯಮವೇ ಮುಂದುವರಿಯಿತು. ಕಾರ್ಡು ತಾನು ಕಳುಹಿಸುತ್ತಿರುವಾಗಲೇ ಸ್ವೀಕರಿಸುವ ಜೋಡಿಯಲ್ಲಿ ಸಂಕೇತ ಬಂದುದನ್ನು ಕಂಡರೆ "ಡಿಕ್ಕಿಯಾಯಿತು" ಎಂದು ನಿರ್ಣಯಿಸುತ್ತಿತ್ತು.

ಈ ಕಟ್ಟನ್ನು ಬಿಡಿಸಿದುದು ಸ್ವಿಚ್ ಎಂಬ ಉಪಕರಣ. ವಿನೋದ್ ಭಾರದ್ವಾಜ್ ಅವರು ಲ್ಯಾರಿ ಬ್ಲೇರ್ ಎಂಬವರೊಡನೆ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ್ದ ಸಂಸ್ಥೆಯು ಈಥರ್‌ನೆಟ್ ಸ್ವಿಚ್ಚನ್ನು 1990ರ ಸುಮಾರಿನಲ್ಲಿ ಮೊದಲಿಗೆ ಮಾರುಕಟ್ಟೆಗೆ ತಂದಿತು. ಆ ಸಂಸ್ಥೆಯ ಹೆಸರು ನಮಗೆಲ್ಲ ಪರಿಚಿತವಾದುದೇ: ಕಲ್ಪನಾ. ಸ್ವಿಚ್ಚು ಪ್ರತಿಯೊಂದು ಕಂತಿನ ವಿಳಾಸವನ್ನು ಓದಿ, ಅದು ಸೇರಬೇಕಾದ ಗಣಕದ ಕಡೆಗೆ ಮಾತ್ರ ಅದನ್ನು ಬಿಡುತ್ತದೆ. ಪ್ರತಿ ಗಣಕಕ್ಕೂ ಸ್ವಿಚ್ಚಿನವರೆಗೆ ತನ್ನದೇ ಆದ ಜೋಡಿ ಹಳಿ ದೊರೆತಂತಾಯಿತು. ಇನ್ನು ಡಿಕ್ಕಿಯ ಮಾತೆಲ್ಲಿ? ಕೇಳಿ ಕಾಯುವ ಅವಶ್ಯಕತೆಯೂ ಇಲ್ಲ. ಈ ಪೂರ್ಣ ದ್ವಿಮುಖ ಕ್ರಮಕ್ಕೆ 1997ರಲ್ಲಿ ಪ್ರಮಾಣವೂ ದೊರೆಯಿತು.

ತಂತಿಯ ಮೇಲಿನ ಕೈಕುಲುಕು

ಹೀಗೆ ಒಂದೇ ಬಗೆಯ ಕೇಬಲಿಗೆ ಹಳೆಯ ಹಬ್ಬು, ಹೊಸ ಸ್ವಿಚ್ಚು, 10ರ ಕಾರ್ಡು, 100ರ ಕಾರ್ಡು ಎಲ್ಲವನ್ನೂ ಜೋಡಿಸುವ ಸಂದರ್ಭ ಒದಗಿತು. ಎರಡು ತುದಿಗಳೂ ತಾವಾಗಿಯೇ ಪರಸ್ಪರ ವಿಚಾರಿಸಿಕೊಂಡು ಹೊಂದಿಕೊಳ್ಳುವ ಉಪಾಯವನ್ನು 1995ರ ಪ್ರಮಾಣದಲ್ಲಿ ಸೇರಿಸಿದರು. ಇದೇ ಆಟೋ ನೆಗೋಶಿಯೇಶನ್, ಅಂದರೆ ಸ್ವಯಂ ಒಪ್ಪಂದ.

ಇದರ ಕ್ರಮವು ಸೊಗಸಾದುದು. ಕೇಬಲನ್ನು ಸಿಕ್ಕಿಸಿದೊಡನೆ ಪ್ರತಿ ತುದಿಯೂ ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಅತಿ ಕಿರಿದಾದ ವಿದ್ಯುತ್ ಸ್ಪಂದನಗಳ ಒಂದು ಗುಚ್ಛವನ್ನು ಕಳುಹಿಸುತ್ತದೆ. ಒಂದು ಗುಚ್ಛದಲ್ಲಿ 33 ಸ್ಥಾನಗಳು. ಅವುಗಳಲ್ಲಿ 17 ತಾಳ ಹಾಕುವುದಕ್ಕೆ. ಉಳಿದ 16 ಸ್ಥಾನಗಳಲ್ಲಿ ಸ್ಪಂದನವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಈ ಹದಿನಾರು ಅಕ್ಷರಗಳ ಪತ್ರದಲ್ಲಿ ಕಾರ್ಡು ತನ್ನ ಶಕ್ತಿಯನ್ನು ನಿವೇದಿಸಿಕೊಳ್ಳುತ್ತದೆ: "ನನಗೆ 10 ಹಾಫ್ ಬರುತ್ತದೆ, 10 ಫುಲ್ ಬರುತ್ತದೆ, 100 ಹಾಫ್ ಬರುತ್ತದೆ, 100 ಫುಲ್ ಬರುತ್ತದೆ." ಇಬ್ಬರಿಗೂ ಬರುವವುಗಳಲ್ಲಿ ಅತ್ಯುತ್ತಮವಾದುದನ್ನು ಇಬ್ಬರೂ ಆರಿಸಿಕೊಳ್ಳುತ್ತಾರೆ. ಕಣ್ಣು ಮಿಟುಕಿಸುವ ಸ್ವಲ್ಪ ಹೊತ್ತಿನಲ್ಲೇ ಒಪ್ಪಂದವು ಮುಗಿದು ದೀಪವು ಹೊತ್ತಿಕೊಳ್ಳುತ್ತದೆ.

ಒಂದು ತುದಿಯನ್ನು ಯಾರೋ ಕೈಯಿಂದ 100 ಫುಲ್ ಎಂದು ಸ್ಥಿರಗೊಳಿಸಿದರೆಂದು ಭಾವಿಸೋಣ. ಅದರ ಪಾಲಿಗೆ ಎಲ್ಲವೂ ಮೊದಲೇ ನಿಶ್ಚಯವಾಗಿದೆ; ಆದುದರಿಂದ ಅನೇಕ ಉಪಕರಣಗಳಲ್ಲಿ ಆ ತುದಿಯು ಪತ್ರ ಬರೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಆಟೋದಲ್ಲಿರುವ ಎದುರಿನ ತುದಿಯು ಪತ್ರಕ್ಕಾಗಿ ಕಾದು, ಅದು ಬಾರದಿರಲು, ಬರುತ್ತಿರುವ ಸಂಕೇತದ ರೂಪವನ್ನು ನೋಡಿ ವೇಗವು 100 ಎಂದು ಊಹಿಸುತ್ತದೆ. ವೇಗವು ಸಂಕೇತದ ರೂಪದಿಂದಲೇ ತಿಳಿಯುವಂತಹುದು. ಆದರೆ ಡ್ಯೂಪ್ಲೆಕ್ಸ್ ಎಂಬುದು ಸಂಕೇತದ ರೂಪವಲ್ಲ, ನಡೆವಳಿಕೆಯ ನಿಯಮ. ಅದನ್ನು ಹೇಳಿ ತಿಳಿಸಬೇಕೇ ಹೊರತು ನೋಡಿ ತಿಳಿಯಲಾಗದು. ಪತ್ರ ಬರೆಯದಿರುವುದು ಹಳೆಯ ಕಾಲದ ಹಬ್ಬೇ ಇರಬೇಕೆಂಬ ಎಚ್ಚರಿಕೆಯಿಂದ, ಪ್ರಮಾಣದಲ್ಲಿ ವಿಧಿಸಿರುವಂತೆ, ಆ ತುದಿಯು ಹಾಫ್ ಎಂದು ನಿಶ್ಚಯಿಸಿಕೊಳ್ಳುತ್ತದೆ. ಈಗ ಒಂದು ತುದಿ ಫುಲ್, ಇನ್ನೊಂದು ತುದಿ ಹಾಫ್. ಎರಡರ ದೀಪವೂ ಹಸಿರಾಗಿ ಉರಿಯುತ್ತಲೇ ಇರುತ್ತದೆ.

ನಡೆಯದ ಡಿಕ್ಕಿ

ಇದರ ಪರಿಣಾಮವನ್ನು ರೈಲಿನ ದೃಷ್ಟಾಂತದಿಂದಲೇ ನೋಡೋಣ. ಕೊಪ್ಪಳಕ್ಕೂ ಗಿಣಿಗೇರಿಗೂ ನಡುವೆ ಜೋಡಿ ಹಳಿ ಇದೆ. ಗಿಣಿಗೇರಿಯ ಮಾಸ್ತರನಿಗೆ ಇದು ಗೊತ್ತು. ಅವನು ತನ್ನ ಗಾಡಿಗಳನ್ನು ಯಾರನ್ನೂ ಕೇಳದೆ ಬಿಡುತ್ತಾನೆ. ಕೊಪ್ಪಳದ ಮಾಸ್ತರನಾದರೋ ಹಳಿ ಒಂದೇ ಎಂದು ನಂಬಿದ್ದಾನೆಂದು ಕಲ್ಪಿಸಿಕೊಳ್ಳಿ. ಅವನು ಬಿಟ್ಟ ಗಾಡಿಯು ಇನ್ನೂ ಪ್ಲಾಟ್‌ಫಾರಂ ದಾಟುತ್ತಿರುವಾಗಲೇ ಗಿಣಿಗೇರಿಯಿಂದ ಗಾಡಿಯೊಂದು ಬರುವುದು ಕಾಣುತ್ತದೆ. ಅದು ಬರುತ್ತಿರುವುದು ಬೇರೆ ಹಳಿಯ ಮೇಲೆ. ಯಾವ ಅಪಘಾತವೂ ಆಗಿಲ್ಲ, ಆಗುವಂತೆಯೂ ಇಲ್ಲ. ಆದರೂ ಅವನು "ಅಪಘಾತವಾಯಿತು!" ಎಂದು ಕೂಗಿ, ಅರ್ಧ ಹೊರಟ ತನ್ನ ಗಾಡಿಯನ್ನು ಅಲ್ಲಿಗೇ ಕಡಿದುಬಿಡುತ್ತಾನೆ, ಬಂದ ಗಾಡಿಯನ್ನೂ ಒಪ್ಪಿಕೊಳ್ಳುವುದಿಲ್ಲ. ಗಿಣಿಗೇರಿಗೆ ತಲುಪುವುದು ಎಂಜಿನ್ನು ಮತ್ತು ಎರಡು ಡಬ್ಬಿಗಳು ಮಾತ್ರ.

ಜಾಲದಲ್ಲಿ ನಡೆಯುವುದು ಇದೇ. ಹಾಫ್ ತುದಿಯು ನಡೆಯದ ಡಿಕ್ಕಿಯನ್ನು ನಡೆಯಿತೆಂದು ತಿಳಿದು ತನ್ನ ಕಂತನ್ನು ನಡುವೆಯೇ ತುಂಡರಿಸುತ್ತದೆ. ಫುಲ್ ತುದಿಗೆ ತುಂಡಾದ ಕಂತುಗಳು ಬರುತ್ತವೆ. ಪ್ರತಿ ಕಂತಿನ ಕೊನೆಯಲ್ಲಿಯೂ ತಾಳೆ ನೋಡುವ ಒಂದು ಮೊತ್ತವಿರುತ್ತದಷ್ಟೆ. ತುಂಡಾದ ಕಂತಿನಲ್ಲಿ ಅದು ತಾಳೆಯಾಗದಿರಲು ಫುಲ್ ತುದಿಯು ಅದನ್ನು ಎಸೆದುಬಿಡುತ್ತದೆ. ಫುಲ್ ತುದಿಯು ಕಿವಿಗೊಡುವ ನಿಯಮಕ್ಕೆ ಒಳಪಟ್ಟಿಲ್ಲವಾದುದರಿಂದ ಅದರ ಕಂತು ಯಾವ ಕ್ಷಣದಲ್ಲಿಯಾದರೂ ಬರಬಹುದು. ಹಾಫ್ ತುದಿಯು 64 ಬೈಟ್‌ಗಳನ್ನು ದಾಟಿದ ಮೇಲೆ ಅದು ಬಂದರೆ ಆಗ ದಾಖಲಾಗುವುದೇ ತಡವಾದ ಡಿಕ್ಕಿ. ಅಂತಹ ಕಂತನ್ನು ಸಾಮಾನ್ಯವಾಗಿ ಕಾರ್ಡು ತಾನಾಗಿ ಮತ್ತೆ ಕಳುಹಿಸುವುದಿಲ್ಲ. ಮೇಲಿನ ತಂತ್ರಾಂಶವು ಉತ್ತರ ಬಾರದುದನ್ನು ಕಂಡು, ಕಾದು, ಮತ್ತೆ ಕಳುಹಿಸಬೇಕು. 100ರ ವೇಗದಲ್ಲಿ 1518 ಬೈಟ್‌ಗಳ ಒಂದು ಕಂತು ಸಾಗಲು ಬೇಕಾದ ಕಾಲ ಮಿಲಿಸೆಕೆಂಡಿನ ಎಂಟನೆಯ ಒಂದು ಪಾಲು ಮಾತ್ರ. ತಂತ್ರಾಂಶವು 200 ಮಿಲಿಸೆಕೆಂಡು ಕಾದರೂ ಸುಮಾರು 1600 ಕಂತುಗಳು ಸಾಗಬಹುದಾಗಿದ್ದ ಹೊತ್ತು ವ್ಯರ್ಥವಾಯಿತು. ಒಂದು ಕಂತು ಕಳೆದುದಕ್ಕೆ ತೆರಬೇಕಾದ ದಂಡವು ಇಷ್ಟು!

ಈ ದೋಷವನ್ನು ಕಂಡುಹಿಡಿಯುವುದು ಕಷ್ಟವಾದುದಕ್ಕೂ ಕಾರಣವಿದೆ. ಪಿಂಗ್ ಎಂಬ ಸಣ್ಣ ಪರೀಕ್ಷೆಯಲ್ಲಿ ಒಂದು ಕಂತು ಹೋಗಿ, ಅದು ತಲುಪಿದ ಮೇಲೆ ಒಂದು ಉತ್ತರ ಬರುತ್ತದೆ. ಎರಡೂ ಕಡೆಯವರು ಒಟ್ಟಿಗೆ ಮಾತನಾಡುವ ಪ್ರಸಂಗವೇ ಬಾರದು. ಪರೀಕ್ಷೆಯು ನಿರ್ವಿಘ್ನವಾಗಿ ಮುಗಿಯುತ್ತದೆ. ದೊಡ್ಡ ಕಡತವನ್ನು ಕಳುಹಿಸುವಾಗಲಾದರೋ ಈ ಕಡೆಯಿಂದ ಕಂತುಗಳ ಪ್ರವಾಹ, ಆ ಕಡೆಯಿಂದ "ತಲುಪಿತು, ತಲುಪಿತು" ಎಂಬ ಸ್ವೀಕೃತಿಗಳ ಪ್ರವಾಹ ಏಕಕಾಲದಲ್ಲಿ ನಡೆಯುತ್ತವೆ. ತೊಂದರೆ ಹುಟ್ಟುವುದು ಆಗಲೇ. ವೇಗಗಳೇ ಬೇರೆಯಾಗಿದ್ದರೆ, ಅಂದರೆ ಒಂದು ತುದಿಯನ್ನು 10ಕ್ಕೂ ಇನ್ನೊಂದನ್ನು 100ಕ್ಕೂ ಸ್ಥಿರಗೊಳಿಸಿದ್ದರೆ, ಸಂಪರ್ಕವು ಕೂಡುವುದೇ ಇಲ್ಲ. ತಪ್ಪು ಒಡನೆ ಬಯಲಾಗುತ್ತದೆ. ಪೂರ್ತಿ ಕೆಟ್ಟುದಕ್ಕಿಂತ ಅರ್ಧ ಕೆಟ್ಟುದು ಹೆಚ್ಚು ಮೋಸಗಾರನೆಂಬುದಕ್ಕೆ ಇದೊಂದು ನಿದರ್ಶನ.

ಪರೀಕ್ಷಿಸುವ ಬಗೆ

ಕುಷ್ಟಗಿಯ ಒಂದು ಶಾಲೆಯಲ್ಲಾಗಲಿ, ಯಲಬುರ್ಗಾದ ಒಂದು ಕಾಲೇಜಿನಲ್ಲಾಗಲಿ ಜಾಲವು ನಿಧಾನವೆಂಬ ದೂರಿದ್ದರೆ, ಹೊರಗಿನ ಸಂಪರ್ಕವನ್ನು ದೂರುವ ಮೊದಲು ವಿದ್ಯಾರ್ಥಿಗಳೇ ಒಂದು ಪ್ರಯೋಗವನ್ನು ಮಾಡಬಹುದು. ಕೊಠಡಿಯೊಳಗಿನ ಎರಡು ಗಣಕಗಳ ನಡುವೆ 100 ಮೆಗಾಬೈಟ್ ಗಾತ್ರದ ಕಡತವೊಂದನ್ನು ಸಾಗಿಸಿ ಗಡಿಯಾರ ನೋಡಬೇಕು. 100 ಮೆಗಾಬೈಟ್ ಎಂದರೆ 800 ದಶಲಕ್ಷ ಬಿಟ್. 100ರ ವೇಗದ ಜಾಲದಲ್ಲಿ ಅದಕ್ಕೆ ಲೆಕ್ಕದ ಪ್ರಕಾರ 8 ಸೆಕೆಂಡು, ವಾಸ್ತವವಾಗಿ ಒಂದೆರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಅದೇ ಕಡತವನ್ನು ವಿರುದ್ಧ ದಿಕ್ಕಿನಲ್ಲಿಯೂ ಕಳುಹಿಸಬೇಕು. ಏಕೆಂದರೆ ಈ ದೋಷವು ಎರಡು ದಿಕ್ಕುಗಳನ್ನೂ ಸಮನಾಗಿ ಬಾಧಿಸದೆ ಇರಬಹುದು. ಹತ್ತು ಸೆಕೆಂಡಿನ ಕೆಲಸಕ್ಕೆ ಕೆಲವು ನಿಮಿಷಗಳು ಹಿಡಿದರೆ ದೋಷವು ಕೊಠಡಿಯೊಳಗೇ ಇದೆ.

ಆಮೇಲೆ ಎರಡೂ ತುದಿಗಳ ಲೆಕ್ಕದ ಪುಟಗಳನ್ನು ನೋಡಬೇಕು. ಲಿನಕ್ಸ್ ಗಣಕದಲ್ಲಿ ಎಥ್‌ಟೂಲ್ ಎಂಬ ಆಜ್ಞೆಯು ಕಾರ್ಡಿನ ಈಗಿನ ವೇಗವನ್ನೂ ಡ್ಯೂಪ್ಲೆಕ್ಸನ್ನೂ ಹೇಳುತ್ತದೆ. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರಿನೊಳಗೆ ಕಾರ್ಡಿನ ಗುಣಗಳ ಪುಟವಿದೆ. ಒಳ್ಳೆಯ ದರ್ಜೆಯ ಸ್ವಿಚ್ಚುಗಳೂ ಲೆಕ್ಕವಿಡುತ್ತವೆ. ಒಂದು ತುದಿಯಲ್ಲಿ ತಡವಾದ ಡಿಕ್ಕಿಗಳೂ ಇನ್ನೊಂದು ತುದಿಯಲ್ಲಿ ತಾಳೆಯಾಗದ ಕಂತುಗಳೂ ಏರುತ್ತಿದ್ದರೆ ಡ್ಯೂಪ್ಲೆಕ್ಸಿನ ಭಿನ್ನಾಭಿಪ್ರಾಯವೇ ಇದಕ್ಕೆ ಕಾರಣವೆಂದು ಬಹುಮಟ್ಟಿಗೆ ನಿರ್ಧರಿಸಬಹುದು. ಡಿಕ್ಕಿಗಳೊಂದೂ ಇಲ್ಲದೆ ತಾಳೆಯಾಗದ ಕಂತುಗಳು ಮಾತ್ರ ಕಂಡುಬಂದರೆ ಕೇಬಲಿನ ಮೇಲೆ ಅಥವಾ ಅದರ ತುದಿಯ ಜೋಡಣೆಯ ಮೇಲೆ ಸಂಶಯಪಡಬೇಕು.

ಹಾಗಾದರೆ ಆಯ್ಕೆ ಯಾವುದು?

ಉತ್ತರವು ಸರಳವಾದುದು. ಎರಡು ತುದಿಗಳಲ್ಲಿಯೂ ಆಟೋ ಇರಲಿ. ಎಲ್ಲಕ್ಕಿಂತ ಉತ್ತಮವಾದುದು ಇದು. ಎದುರಿನ ಹಳೆಯ ಉಪಕರಣವನ್ನು 100 ಫುಲ್‌ಗೆ ಸ್ಥಿರಗೊಳಿಸಿದ್ದು, ಅದನ್ನು ಬದಲಿಸುವ ಅಧಿಕಾರ ನಮಗಿಲ್ಲದಿದ್ದರೆ ನಮ್ಮ ಕಾರ್ಡನ್ನೂ 100 ಫುಲ್‌ಗೇ ಸ್ಥಿರಗೊಳಿಸಬೇಕು; ಹಾಗೆ ಮಾಡಿದುದನ್ನು ಕಾಗದದ ಮೇಲೆ ಬರೆದು ಯಂತ್ರಕ್ಕೆ ಅಂಟಿಸಬೇಕು. ನಾಳೆ ಸ್ವಿಚ್ಚನ್ನು ಬದಲಿಸುವವನಿಗೆ ಅದು ತಿಳಿಯದೆ ಹೋದರೆ ಅದೇ ರೋಗ ಮರುಕಳಿಸುತ್ತದೆ. ಎದುರಿಗಿರುವುದು ಹಬ್ಬಾದರೆ ಹಾಫ್ ಎಂಬುದೇ ಸರಿ. ಆಟೋದಲ್ಲಿ ಬಿಟ್ಟರೆ ಕಾರ್ಡು ತಾನಾಗಿಯೇ ಅಲ್ಲಿಗೆ ಬಂದು ನಿಲ್ಲುತ್ತದೆ. ಒಂದು ತುದಿಯನ್ನು ಮಾತ್ರ ಸ್ಥಿರಗೊಳಿಸುವುದನ್ನು ಎಂದಿಗೂ ಮಾಡಬಾರದು.

ಇಂದಿನ ಹೊಸ ಕಾರ್ಡುಗಳು ಸಾಮಾನ್ಯವಾಗಿ ಸೆಕೆಂಡಿಗೆ 1000 ದಶಲಕ್ಷ ಬಿಟ್‌ಗಳ ಗಿಗಾಬಿಟ್ ಕಾರ್ಡುಗಳು. 1999ರಲ್ಲಿ ಹೆಣೆದ ತಂತಿಯ ಗಿಗಾಬಿಟ್ ಪದ್ಧತಿಯನ್ನು ಪ್ರಮಾಣೀಕರಿಸಿದವರು ಸ್ವಯಂ ಒಪ್ಪಂದವನ್ನು ಕಡ್ಡಾಯ ಮಾಡಿದರು. ಅಲ್ಲಿ ನಾಲ್ಕು ಜೋಡಿಗಳೂ ಏಕಕಾಲದಲ್ಲಿ ಎರಡು ದಿಕ್ಕಿಗೂ ಸಂಕೇತಗಳನ್ನು ಒಯ್ಯುತ್ತವೆ. ಕಾರ್ಡು ತಾನು ಆಡಿದ ಮಾತಿನ ಪ್ರತಿಧ್ವನಿಯನ್ನು ಕಳೆದು ಎದುರಿನವನ ಮಾತನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಈ ಯುಕ್ತಿಯ ಬೀಜವು ಹಳೆಯದು. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ಕೊನೆಗೊಂಡ ಟೆಲಿಗ್ರಾಂ ಸೇವೆಯ ಹಿರಿಯ ಪೀಳಿಗೆಯಲ್ಲಿ, 1853ರಷ್ಟು ಹಿಂದೆಯೇ, ಆಸ್ಟ್ರಿಯದ ಗಿಂಟ್ಲ್ ಎಂಬವರು ಒಂದೇ ತಂತಿಯ ಮೇಲೆ ಏಕಕಾಲದಲ್ಲಿ ಎರಡು ದಿಕ್ಕಿಗೂ ಸಂದೇಶ ಕಳುಹಿಸುವ ಡ್ಯೂಪ್ಲೆಕ್ಸ್ ತಂತಿಯನ್ನು ರೂಪಿಸಿದ್ದರು. ಗ್ರಾಮಗಳಿಗೆ ಬರುತ್ತಿರುವ ಗಾಜಿನ ಎಳೆಯಲ್ಲಿಯೂ ಹೋಗುವುದಕ್ಕೊಂದು, ಬರುವುದಕ್ಕೊಂದು ತರಂಗದ ಬೆಳಕನ್ನು ಬಳಸಿ ಒಂದೇ ಎಳೆಯನ್ನು ಜೋಡಿ ಹಳಿಯನ್ನಾಗಿ ಮಾಡುತ್ತಾರೆ. ತಂತಿಯಿಲ್ಲದ ವೈ-ಫೈ ಮಾತ್ರ ಇಂದಿಗೂ ಸರದಿಯ ಮೇಲೆಯೇ ನಡೆಯುತ್ತದೆ.

ಆದರೂ ಹಳೆಯ ಉಪಕರಣಗಳು ಬೇಗ ಮಾಯವಾಗುವುದಿಲ್ಲ. ಕಚೇರಿಯ ಮುದ್ರಣಯಂತ್ರ, ಗೋಡೆಯ ಮೇಲಿನ ಕಾವಲು ಕ್ಯಾಮೆರಾ, ಕಾರ್ಖಾನೆಯ ನಿಯಂತ್ರಣ ಯಂತ್ರ ಇವುಗಳಲ್ಲಿ ಎಷ್ಟೋ ಇಂದಿಗೂ 10 ಅಥವಾ 100ರ ವೇಗದಲ್ಲಿಯೇ ದುಡಿಯುತ್ತಿವೆ. ಕೊಪ್ಪಳದ ಕಾರ್ಖಾನೆಯೇ ಆಗಲಿ, ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ಕೊಠಡಿಯೇ ಆಗಲಿ, ಹೊಸ ಕಾರ್ಡನ್ನು ಅಂತಹ ಯಂತ್ರದೊಡನೆ ಕೂಡಿಸುವವರು "ನಮ್ಮ ಕಾರ್ಡಿಗೆ ಅತ್ಯುತ್ತಮವಾದುದು ಯಾವುದು?" ಎಂದು ಕೇಳಿಕೊಂಡರೆ ಸಾಲದು. "ತಂತಿಯ ಆ ತುದಿಯಲ್ಲಿರುವವನು ಏನೆಂದು ತಿಳಿದಿದ್ದಾನೆ?" ಎಂದು ಕೇಳಬೇಕು. ಎರಡು ತುದಿಗಳೂ ಅರ್ಧವೆಂದು ಒಪ್ಪಿದ ಸಂಪರ್ಕವು ನಿಧಾನವಾಗಿಯಾದರೂ ನಂಬಿಕೆಯಿಂದ ನಡೆಯುತ್ತದೆ. ಒಂದು ಪೂರ್ಣ, ಒಂದು ಅರ್ಧ ಎಂಬಲ್ಲಿ ಎಷ್ಟು ಬೆಲೆಯ ಕಾರ್ಡಿದ್ದರೂ ಕೆಲಸವು ಸಾಗದು.